ಜಲಪಾತ ಬಡವಾದಾಗ ಬೆಟ್ಟಕ್ಕೆ ಕೆಂಪು: ಗೋಕಾಕ ಸೀಮೆಯ ವಸಂತ ಪ್ರವಾಸ

ಗೋಕಾಕವೆಂದೊಡನೆ ನೆನಪಾಗುವುದು ಕರದಂಟು ಮತ್ತು ಮಳೆಗಾಲದಲ್ಲಿ ಭೋರ್ಗರೆಯುವ ಜಲಪಾತ. ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಘಟಪ್ರಭೆ ಫೆಬ್ರವರಿಯ ಹೊತ್ತಿಗೆ ಸೊರಗಿರುತ್ತಾಳೆ. ಪ್ರವಾಸಿಗರೂ ವಿರಳ. ಆದರೆ ಮಾಘ–ಫಾಲ್ಗುಣ ಮಾಸಗಳಲ್ಲಿ ಇಲ್ಲಿನ ಕಲ್ಲುಗುಡ್ಡಗಳ ಮೇಲೆ ಬೇರೊಂದು ಉತ್ಸವ ನಡೆಯುತ್ತದೆ. ಎಲೆಯುದುರಿಸಿ ನಿಂತ ಮುತ್ತುಗ ಮತ್ತು ಬೂರುಗದ ಮರಗಳು ಹೂವಿನಿಂದ ಕೆಂಪೇರುತ್ತವೆ.

ಬರಿಗೊಂಬೆಯ ಹೂ ನೋಡಲು ಗುಂಪುಗುಂಪಾಗಿ ಹೊರಡುವುದು ಚೀನೀಯರ ಹಳೆಯ ಸಂಪ್ರದಾಯ. ನಾನ್‌ಜಿಂಗ್‌ನ ಮೇಹುವಾ ಗುಡ್ಡದ ಉದ್ಯಾನಕ್ಕೆ ಫೆಬ್ರವರಿ–ಮಾರ್ಚ್‌ನಲ್ಲಿ ಜನಸಾಗರವೇ ಹರಿದುಬರುತ್ತದೆ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ದಕ್ಷಿಣ ಚೀನಾದ ಗುವಾಂಗ್‌ಝೌ ಮಹಾನಗರದ ಅಧಿಕೃತ ಪುಷ್ಪ ನಮ್ಮ ಬೂರುಗದ ಹೂವೇ! ಅಲ್ಲಿನವರು ಉದುರಿದ ಹೂಗಳನ್ನು ಆಯ್ದು ಒಣಗಿಸಿ ಕಷಾಯಕ್ಕೆ ಬಳಸುತ್ತಾರೆ.

ಎಲೆಗಿಂತ ಮೊದಲು ಹೂವೇಕೆ?

ಬೇಸಿಗೆ ಸಮೀಪಿಸಿದಂತೆ ಮಣ್ಣಿನ ತೇವ ಇಳಿಯುತ್ತದೆ. ಎಲೆಗಳಿಂದ ಆವಿಯಾಗುವ ನೀರನ್ನು ಉಳಿಸಲು ಮರ ಎಲೆ ಕಳಚುತ್ತದೆ. ಆಗ ಮರೆಯೇ ಇಲ್ಲದ ಹೂವು ದೂರದಿಂದಲೂ ಕಾಣುತ್ತದೆ. ಕೆಂಪು ಬಣ್ಣ ಜೇನ್ನೊಣಗಳಿಗಿಂತ ಹಕ್ಕಿಗಳಿಗೆ ಸ್ಪಷ್ಟ. ಮಕರಂದ ಹೀರಲು ಮೈನಾ, ಸೂರಕ್ಕಿ, ಪಿಕಳಾರಗಳು ಬರುತ್ತವೆ. ಬೂರುಗಕ್ಕೆ ರಾತ್ರಿ ಬಾವಲಿಗಳೂ ಭೇಟಿ ಕೊಡುತ್ತವೆ. ಪರಾಗವನ್ನು ಸಾಗಿಸುವವರು ಇವರೇ. ಈಗ ಅರಳಿದರೆ ಮಾತ್ರ ಬೇಸಿಗೆಯ ಕೊನೆಗೆ ಬೀಜ ಬಲಿತು, ಗಾಳಿಯಲ್ಲಿ ಹಾರಿ, ಮುಂಗಾರಿನ ಮೊದಲ ಮಳೆಗೆ ಮೊಳೆಯಲು ಸಾಧ್ಯ.

ಎಲ್ಲಿ, ಹೇಗೆ ನೋಡಬೇಕು?

ಗೋಕಾಕ ಪಟ್ಟಣದಿಂದ ಸುಮಾರು 6 ಕಿ.ಮೀ. ದೂರದ ಜಲಪಾತದ ಪರಿಸರದಲ್ಲಿ ಬಂಡೆ, ಕಣಿವೆ, ಚಾಲುಕ್ಯ ಶೈಲಿಯ ಪ್ರಾಚೀನ ದೇಗುಲ ಒಟ್ಟಿಗೇ ಇವೆ. ಚೀನೀ ಉದ್ಯಾನಕಾರರು ಕಲ್ಲು, ನೀರು, ಗಿಡ, ಕಟ್ಟಡ ಎಂಬ ನಾಲ್ಕನ್ನು ಶ್ರಮಪಟ್ಟು ಜೋಡಿಸುತ್ತಾರೆ. ಇಲ್ಲಿ ಮೊದಲ ಮೂರನ್ನು ಪ್ರಕೃತಿಯೇ ಜೋಡಿಸಿದೆ. ಮಾರ್ಕಂಡೇಯ ನದಿಯ ಗೊಡಚಿನಮಲ್ಕಿಯನ್ನೂ ಅದೇ ದಿನ ನೋಡಬಹುದು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ ಕಡೆಗೆ ಹೊರಟವರು ಧೂಪದಾಳದ ಹಿನ್ನೀರಿನಲ್ಲಿ ಹಕ್ಕಿಗಳನ್ನು ಕಾಣಬಹುದು. 1974ರಲ್ಲಿ ಘೋಷಣೆಯಾದ ಘಟಪ್ರಭಾ ಪಕ್ಷಿಧಾಮ ಇದೇ. ಬೆಳಗಿನ ಹತ್ತು ಗಂಟೆಯೊಳಗೆ ಹೋದರೆ ಹೂವಿನ ಮರದಲ್ಲಿ ಹಕ್ಕಿಗಳ ಸಂತೆಯನ್ನೇ ನೋಡಬಹುದು.

ಉಳಿದೀತೇ ಈ ಕೆಂಪು?

ಮೂಡಲಗಿ ಕಡೆಯ ನೀರಾವರಿ ಬಯಲಿನಲ್ಲಿ ಕಬ್ಬಿನದೇ ಅಧಿಪತ್ಯ. ಇಂತಲ್ಲಿ ಮುತ್ತುಗಕ್ಕೆ ಉಳಿಯುವ ನೆಲೆ ಹೊಲದ ಬದು ಮತ್ತು ರಸ್ತೆಯಂಚು ಮಾತ್ರ. ಬದು ಸವರಿದಾಗ, ರಸ್ತೆ ಅಗಲವಾದಾಗ ಮೊದಲು ಕೊಡಲಿಗೆ ಸಿಗುವುದೂ ಅದೇ. ವಿಪರ್ಯಾಸವೆಂದರೆ, ಅತಿ ನೀರಾವರಿಯಿಂದ ಸವಳು–ಜವಳಾದ ಕಪ್ಪು ಮಣ್ಣಿನಲ್ಲೂ ಬದುಕಬಲ್ಲ ಕೆಲವೇ ಮರಗಳಲ್ಲಿ ಮುತ್ತುಗವೂ ಒಂದು. ಊಟದ ಪತ್ರಾವಳಿಗೆ ಎಲೆ, ಹೋಳಿಯ ಬಣ್ಣಕ್ಕೆ ಹೂ, ಅರಗಿನ ಹುಳುವಿಗೆ ಆಸರೆ ಕೊಟ್ಟ ಮರವಿದು. ರಾಜಸ್ಥಾನದ ಉದಯಪುರ ಸೀಮೆಯಲ್ಲಿ ಹೋಳಿ ದಹನಕ್ಕಾಗಿ ವರ್ಷವರ್ಷವೂ ಕಡಿದು ಬೂರುಗವೇ ಅಪರೂಪವಾಗಿರುವುದು ನಮಗೊಂದು ಎಚ್ಚರಿಕೆ.

ಆದ್ದರಿಂದ ಗುಂಪಾಗಿ ಹೋಗುವವರು ಕೊಂಬೆ ಮುರಿಯದಿರಲಿ. ಬೂರುಗದ ಹೂವು ಇಡಿಯಾಗಿಯೇ ಉದುರುತ್ತದೆ. ಮಕ್ಕಳ ಕೈಗೆ ಅದನ್ನೇ ಕೊಡಬಹುದು. ಬಣ್ಣಕ್ಕೂ ಉದುರಿದ ಮುತ್ತುಗದ ಹೂ ಸಾಕು: ರಾತ್ರಿ ನೀರಿನಲ್ಲಿ ನೆನೆಸಿ ಅಥವಾ ಕುದಿಸಿ ಸೋಸಿದರೆ ಹಳದಿ ಮಿಶ್ರಿತ ಕೇಸರಿ ಬಣ್ಣ ಸಿದ್ಧ. ಬಂಡೆಗಳ ಅಂಚಿಗೆ ಹೋಗಿ ಚಿತ್ರ ತೆಗೆಯುವ ಸಾಹಸ ಬೇಡ. ನೀರು ಕಡಿಮೆಯಿದ್ದರೂ ಕಣಿವೆಯ ಆಳ ಕಡಿಮೆಯಾಗಿರುವುದಿಲ್ಲ.