ಉಡುಗೊರೆಯ ವೆಚ್ಚ ಯಾರ ತಲೆಗೆ?

ದೀಪಾವಳಿ ಸಮೀಪಿಸಿದಂತೆ ಮಂಗಳೂರಿನ ಕೊಟ್ಟಾರದಂಥ ವ್ಯಾಪಾರ ಪ್ರದೇಶಗಳಲ್ಲಿ ಗೇರುಬೀಜದ ಪೊಟ್ಟಣಗಳೂ ಸಿಹಿತಿಂಡಿಯ ಪೆಟ್ಟಿಗೆಗಳೂ ಅಂಗಡಿಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಸಂಚರಿಸತೊಡಗುತ್ತವೆ. ಕಾಯಂ ಗಿರಾಕಿಗೆ ಹೀಗೆ ಕೊಡುವುದು ವ್ಯಾಪಾರದ ಮರ್ಯಾದೆ. ಆದರೆ ಈ ಮರ್ಯಾದೆ ಲೆಕ್ಕಪುಸ್ತಕ ಸೇರಿದಾಗ ಅದರ ಒಂದು ಪಾಲನ್ನು ಸರ್ಕಾರಿ ಬೊಕ್ಕಸವೂ ಹೊರುತ್ತದೆ. ಶೇ 30ರ ದರದಲ್ಲಿ ತೆರಿಗೆ ತೆರುವ ವ್ಯಾಪಾರಿ ಸಾವಿರ ರೂಪಾಯಿಯ ಉಡುಗೊರೆಯನ್ನು ವೆಚ್ಚವೆಂದು ತೋರಿಸಿದರೆ ಅವನ ತೆರಿಗೆ 300 ರೂಪಾಯಿಯಷ್ಟು ಇಳಿಯುತ್ತದೆ.

ಇದರಲ್ಲಿ ತಪ್ಪೇನೂ ಇಲ್ಲ. ಸಂಪೂರ್ಣವಾಗಿ ವ್ಯಾಪಾರಕ್ಕಾಗಿಯೇ ಮಾಡಿದ ವೆಚ್ಚವನ್ನು ಆದಾಯದಿಂದ ಕಳೆಯಲು 1961ರ ಆದಾಯ ತೆರಿಗೆ ಕಾಯ್ದೆಯ 37(1)ನೇ ಸೆಕ್ಷನ್ ಅವಕಾಶ ನೀಡಿತ್ತು; 2025ರ ಹೊಸ ಕಾಯ್ದೆಯೂ ಈ ತತ್ವವನ್ನು ಉಳಿಸಿಕೊಂಡಿದೆ. ಕಾನೂನು ನಿಷೇಧಿಸಿದ ಉದ್ದೇಶಕ್ಕೆ ಮಾಡಿದ ವೆಚ್ಚಕ್ಕೆ ಮಾತ್ರ ಈ ಅವಕಾಶವಿಲ್ಲ.

ಮರ್ಯಾದೆ ಎಲ್ಲಿ ಮುಗಿದು ಆಮಿಷ ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆಯನ್ನು ಮುನ್ನೆಲೆಗೆ ತಂದದ್ದು ಔಷಧೋದ್ಯಮ. ಕಂಪೆನಿಗಳಿಂದ ವೈದ್ಯರು ಉಡುಗೊರೆ ಪಡೆಯುವುದನ್ನು ಭಾರತೀಯ ವೈದ್ಯಕೀಯ ಪರಿಷತ್ತು 2009ರ ಡಿಸೆಂಬರ್‌ನಲ್ಲಿ ನಿಷೇಧಿಸಿತು. ನಿಷೇಧ ಪಡೆಯುವವರಿಗೇ ಹೊರತು ಕೊಡುವವರಿಗಲ್ಲ ಎಂಬುದು ಕಂಪೆನಿಗಳ ವಾದ. ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಫೆಬ್ರುವರಿ 22ರಂದು ಅದನ್ನು ತಳ್ಳಿಹಾಕಿತು. ಚಿನ್ನದ ನಾಣ್ಯ, ಟಿ.ವಿ., ವಿದೇಶ ಪ್ರವಾಸಗಳ ವೆಚ್ಚ ಔಷಧದ ಬೆಲೆಯಲ್ಲಿ ಸೇರಿ ಕೊನೆಗೆ ರೋಗಿಯ ಮೇಲೆಯೇ ಬೀಳುತ್ತದೆ ಎಂಬುದನ್ನು ನ್ಯಾಯಾಲಯ ಗುರುತಿಸಿತು. ಅದೇ ಜುಲೈಯಲ್ಲಿ ಬೆಂಗಳೂರು ಮೂಲದ ಔಷಧ ಸಮೂಹವೊಂದರ ಮೇಲೆ ನಡೆದ ಶೋಧದ ಬಳಿಕ, ಇಂಥ ಕೊಡುಗೆಗಳ ಮೊತ್ತ ಸುಮಾರು 1,000 ಕೋಟಿ ರೂಪಾಯಿ ಎಂದು ಕೇಂದ್ರ ನೇರ ತೆರಿಗೆ ಮಂಡಳಿ ಅಂದಾಜಿಸಿತು. ಆಸ್ಪತ್ರೆಗಳ ನಗರವಾದ ಮಂಗಳೂರಿಗೆ ಇದು ದೂರದ ಸುದ್ದಿಯಲ್ಲ.

2022ರ ಜುಲೈ 1ರಿಂದ, ವ್ಯವಹಾರದ ಸಂಬಂಧದಲ್ಲಿ ಒಬ್ಬರಿಗೆ ವರ್ಷಕ್ಕೆ 20,000 ರೂಪಾಯಿ ಮೀರಿದ ಪ್ರಯೋಜನ ನೀಡಿದರೆ ಶೇ 10ರಷ್ಟು ತೆರಿಗೆಯನ್ನು ಮೂಲದಲ್ಲೇ ಕಡಿತಗೊಳಿಸಬೇಕೆಂಬ ನಿಯಮ ಬಂತು. ಇದು ದೊಡ್ಡ ವಹಿವಾಟಿಗೆ ಹಾಕಿದ ಮೂಗುದಾರ. ಸಣ್ಣ ವ್ಯಾಪಾರಿಯ ಗೊಂದಲ ಮಾತ್ರ ಉಳಿದಿದೆ. ಅವನ ಗೇರುಬೀಜದ ಪೊಟ್ಟಣವನ್ನು ಆದಾಯ ತೆರಿಗೆಯಲ್ಲಿ ವ್ಯಾಪಾರದ ವೆಚ್ಚವೆಂದು ತೋರಿಸಬಹುದು. ಜಿಎಸ್‌ಟಿಯಲ್ಲಿ ಅದು ಬರೀ ಉಡುಗೊರೆ, ಖರೀದಿಯ ಮೇಲೆ ತೆತ್ತ ತೆರಿಗೆಯ ಕ್ರೆಡಿಟ್ ದೊರೆಯದು.

ಅಮೆರಿಕದಲ್ಲಿ 1962ರಿಂದಲೂ ಒಬ್ಬರಿಗೆ ವರ್ಷಕ್ಕೆ 25 ಡಾಲರ್‌ವರೆಗಿನ ವ್ಯಾಪಾರಿ ಉಡುಗೊರೆಯನ್ನಷ್ಟೇ ವೆಚ್ಚವಾಗಿ ಕಳೆಯಬಹುದು. ಮಿತಿ ಸ್ಪಷ್ಟ, ಆದರೆ ಹಣದುಬ್ಬರ ಅದನ್ನು ಸವೆಸಿಬಿಟ್ಟಿದೆ. ನಮ್ಮಲ್ಲಿಯೂ ಇಂಥ ಮಿತಿಯೊಂದನ್ನು ನಿಗದಿಪಡಿಸಿ, ಬೆಲೆಯೇರಿಕೆಗೆ ಅನುಗುಣವಾಗಿ ಪರಿಷ್ಕರಿಸುತ್ತಿರಬೇಕು. ಅದರೊಳಗಿನ ಉಡುಗೊರೆಯನ್ನು ಯಾರೂ ಪ್ರಶ್ನಿಸಬಾರದು. ಮಿತಿ ಮೀರಿದರೆ ಪಡೆದವರ ಹೆಸರು ಲೆಕ್ಕದಲ್ಲಿ ದಾಖಲಾಗಲಿ. ಹೆಸರು ಬರೆಯಲು ಹಿಂಜರಿಯಬೇಕಾದ ಉಡುಗೊರೆಗೆ ಬೊಕ್ಕಸವೇಕೆ ಪಾಲು ಕೊಡಬೇಕು?