ಹೊಳೆ ಕಾದ ರಾಜಧಾನಿ

ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ಪ್ರವಾಸದ ಮಾತು. ಅಂತರಸಂತೆ, ಹ್ಯಾಂಡ್‌ಪೋಸ್ಟ್, ಪಿರಿಯಾಪಟ್ಟಣದ ಕಡೆಯಿಂದ ಬೆಳಗಿನ ಜಾವ ಹೊರಟ ಬಸ್ಸು ಮೈಸೂರು ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ಮುಗಿಸಿ, ಬೃಂದಾವನದ ದೀಪ ಹೊತ್ತುವ ಮೊದಲು ಶ್ರೀರಂಗಪಟ್ಟಣದಲ್ಲಿ ಒಂದೆರಡು ಗಂಟೆ ನಿಲ್ಲುವುದುಂಟು. ದೇವರ ದರ್ಶನ, ದರಿಯಾ ದೌಲತ್ ಮುಂದೆ ಒಂದು ಫೋಟೊ, ಅಲ್ಲಿಗೆ ಮುಗಿಯಿತು!

1610ರಿಂದ 1799ರವರೆಗೆ ಮೈಸೂರು ರಾಜ್ಯದ ರಾಜಧಾನಿಯಾಗಿದ್ದ ದ್ವೀಪವನ್ನು ಹೀಗೆ ನೋಡಿದರೆ ನೋಡಿದಂತಾಗದು. ಅದಕ್ಕೊಂದು ಇಡೀ ದಿನ ಕೊಡಿ. ಹೋಗುವಾಗ ಮನಸ್ಸಿನಲ್ಲಿ ಒಂದು ಪ್ರಶ್ನೆ ಇಟ್ಟುಕೊಳ್ಳಿ: ಸುತ್ತ ಹೊಳೆ, ಒಳಗೆ ಕಲ್ಲುಕೋಟೆ ಇದ್ದೂ ಈ ಊರು ಬಿದ್ದದ್ದು ಹೇಗೆ?

ದ್ವೀಪವೇ ಏಕೆ?

ಕಾವೇರಿ ಇಲ್ಲಿ ಎರಡು ಕವಲಾಗಿ ಒಡೆದು, ಊರನ್ನು ಬಳಸಿ, ಪೂರ್ವದ ತುದಿಯ ಸಂಗಮದಲ್ಲಿ ಮತ್ತೆ ಒಂದಾಗುತ್ತದೆ. ಮಳೆಗಾಲದಲ್ಲಿ ತುಂಬಿ ಹರಿಯುವ ಹೊಳೆಗಿಂತ ಒಳ್ಳೆಯ ಕಂದಕ ಯಾವ ರಾಜನಿಗೆ ಸಿಕ್ಕೀತು? ವಿಜಯನಗರದ ಪ್ರತಿನಿಧಿಯ ಕೈಯಲ್ಲಿದ್ದ ಈ ಊರನ್ನು ರಾಜ ಒಡೆಯರು 1610ರಲ್ಲಿ ವಶಪಡಿಸಿಕೊಂಡು ರಾಜಧಾನಿಯನ್ನು ಇಲ್ಲಿಗೆ ತಂದರು. ಮೈಸೂರು ಒಡೆಯರ ಮೊದಲ ದಸರಾ ನಡೆದದ್ದೂ ಇಲ್ಲಿಯೇ. 1761ರಲ್ಲಿ ಹೈದರ್ ಅಲಿ ಅಧಿಕಾರ ಹಿಡಿದ ಮೇಲೂ, 1782ರಲ್ಲಿ ಟಿಪ್ಪು ಪಟ್ಟಕ್ಕೆ ಬಂದ ಮೇಲೂ ಊರು ಬದಲಾಗಲಿಲ್ಲ. ಕೋಟೆ ಮಾತ್ರ ಇನ್ನಷ್ಟು ದಪ್ಪವಾಯಿತು.

ಕಡಲ ದಾರಿ

ಈ ದ್ವೀಪಕ್ಕೆ ಹೊಳೆಯಿತ್ತು, ಬಂದರಿರಲಿಲ್ಲ. ಹಡಗುಗಳಿಗೆ ಮಂಗಳೂರಿನಂಥ ಬಂದರುಗಳನ್ನು ನಂಬಬೇಕಿತ್ತು. ರಾಜಧಾನಿಯ ಅಳಿವು ಉಳಿವು ಕಡಲಿನೊಂದಿಗೂ ಬೆಸೆದಿತ್ತೆಂಬುದು 1792ರಲ್ಲಿ ತಿಳಿಯಿತು. ಕಾರ್ನ್‌ವಾಲಿಸನ ಸೈನ್ಯ ಮುತ್ತಿಗೆ ಹಾಕಿದಾಗ ಟಿಪ್ಪು ಸಂಧಿಗೆ ಒಪ್ಪಬೇಕಾಯಿತು. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳು - ಇವು ಷರತ್ತುಗಳು. ಆ ಹುಡುಗರಿಗೆ ಹತ್ತು ಮತ್ತು ಎಂಟರ ಆಸುಪಾಸಿನ ವಯಸ್ಸು. ಪ್ರಾಥಮಿಕ ಶಾಲೆಯ ಮಕ್ಕಳ ಪ್ರಾಯ. ಅವರು ಮನೆಗೆ ಮರಳಿದ್ದು 1794ರಲ್ಲಿ.

ಮಕ್ಕಳು ಮರಳಿದರು, ಮಲಬಾರು, ಕೊಡಗು ಮರಳಲಿಲ್ಲ. ಅದರ ಬೆಲೆ 1799ರಲ್ಲಿ ಕಂಡಿತು. ಕಂಪನಿಯ ಮುಖ್ಯ ಸೈನ್ಯ ಜನರಲ್ ಹ್ಯಾರಿಸನ ಕೆಳಗೆ ಪೂರ್ವದಿಂದ ಬಂದರೆ, ಮುಂಬಯಿ ಸೈನ್ಯ ಕಣ್ಣಾನೂರಿನ ಕರಾವಳಿಯಿಂದ ಘಟ್ಟ ಹತ್ತಿ ಕೊಡಗಿನ ಮೂಲಕ ಬಂತು. ಅದನ್ನು ತಡೆಯಲು ಟಿಪ್ಪು ಪಿರಿಯಾಪಟ್ಟಣದ ಬಳಿ ಬೀಡುಬಿಟ್ಟು, ಮಾರ್ಚ್ 6ರಂದು ಕೊಡಗಿನ ಗಡಿಯಲ್ಲಿ ಅದರ ಮೇಲೆ ಬಿದ್ದ. ಗೆಲುವು ಸಿಗಲಿಲ್ಲ. ನಮ್ಮ ಸೀಮೆಯ ಈ ಕಾಳಗ ಪಠ್ಯಪುಸ್ತಕದಲ್ಲಿ ಒಂದು ಸಾಲಾದರೂ, ದ್ವೀಪದ ಕಥೆಯಲ್ಲಿ ದೊಡ್ಡ ತಿರುವು.

ಮೇ ತಿಂಗಳ ಹೊಳೆ

ಇನ್ನು ಉಳಿದ ರಕ್ಷಣೆ ಹೊಳೆಯದು. ಮಳೆ ಹಿಡಿಯುವವರೆಗೆ ಕೋಟೆ ತಡೆದು ನಿಂತಿದ್ದರೆ ಉಕ್ಕಿದ ಕಾವೇರಿಯನ್ನು ದಾಟುವುದು ಶತ್ರುಗಳಿಗೆ ಕಷ್ಟವಾಗುತ್ತಿತ್ತು. ಅವರಿಗೂ ಅದು ಗೊತ್ತಿತ್ತು. ಕೋಟೆಯ ಪಶ್ಚಿಮದ ಗೋಡೆಯನ್ನು ಫಿರಂಗಿಗಳಿಂದ ಒಡೆದು, 1799ರ ಮೇ 4ರ ನಡು ಮಧ್ಯಾಹ್ನ, ಬೇಸಿಗೆಗೆ ಇಳಿದಿದ್ದ ನೀರಿನಲ್ಲಿ ನಡೆದೇ ದಾಟಿದರು. ಕೆಲವೇ ನಿಮಿಷಗಳಲ್ಲಿ ಒಡಕಿನ ಮೇಲೆ ಅವರ ಬಾವುಟ ಏರಿತು. ಟಿಪ್ಪು ಹೋರಾಡುತ್ತಲೇ ಮಡಿದ. ಮೀರ್ ಸಾದಿಕನ ದ್ರೋಹದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಬೇಸಿಗೆಯ ಹೊಳೆಯನ್ನು ನೆನೆಯುವವರು ಕಡಿಮೆ.

ನೋಡುವ ಕ್ರಮ

ಮೈಸೂರಿನಿಂದ ಸುಮಾರು 15 ಕಿ.ಮೀ.; ಬಸ್ಸೂ ಉಂಟು, ರೈಲೂ ಉಂಟು. ರೈಲು ಹಳಿ ಕೋಟೆಯನ್ನು ಸೀಳಿಕೊಂಡೇ ಹೋಗಿದೆ. ಜೋಡಿ ಹಳಿ ಹಾಕಲು ಅಡ್ಡವಾದ ಟಿಪ್ಪು ಕಾಲದ ಮದ್ದಿನ ಮನೆಯೊಂದನ್ನು 2017ರಲ್ಲಿ ಕೆಡವದೆ, ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು.

ಮೊದಲು ಪಶ್ಚಿಮದ ತುದಿಗೆ ಹೋಗಿ. ಗೋಡೆ ಒಡೆದ ಜಾಗದ ಬಳಿ 1907ರಲ್ಲಿ ನಿಲ್ಲಿಸಿದ ಸ್ಮಾರಕ ಸ್ತಂಭವಿದೆ. ಅಲ್ಲಿ ನಿಂತು ಹೊಳೆಯ ಅಗಲವನ್ನು ಕಣ್ಣಿನಲ್ಲೇ ಅಳೆಯಿರಿ. ಬಳಿಕ ಬ್ರಿಟಿಷ್ ಸೆರೆಯಾಳುಗಳಿದ್ದ ನೆಲಮಾಳಿಗೆ, ಟಿಪ್ಪುವಿನ ಶವ ಸಿಕ್ಕ ಜಾಗ, ಗಂಗರ ಕಾಲದಿಂದಲೂ ಪೂಜೆಗೊಳ್ಳುತ್ತಿರುವ ರಂಗನಾಥ, ಅದರ ಸಮೀಪದಲ್ಲೇ ಬಯಲಾಗಿರುವ ಅರಮನೆಯ ಜಾಗ, ಜೋಡಿ ಮಿನಾರುಗಳ ಜಾಮಿಯಾ ಮಸೀದಿ.

ಕೋಟೆಯಾಚೆ, 1784ರಲ್ಲಿ ಕಟ್ಟಿದ ದರಿಯಾ ದೌಲತ್‌ನ ಗೋಡೆ ಚಿತ್ರಗಳ ಮುಂದೆ ಅವಸರ ಬೇಡ. 1780ರ ಪೊಳಿಲೂರು ಕದನದಲ್ಲಿ ಮೈಸೂರು ಸೈನ್ಯ ಕಂಪನಿಯನ್ನು ಸೋಲಿಸಿದ ದೃಶ್ಯ ಅಲ್ಲಿದೆ. ಆ ದಿನ ಸೆರೆಸಿಕ್ಕ ಡೇವಿಡ್ ಬೇರ್ಡ್ 1784ರವರೆಗೆ ಈ ದ್ವೀಪದಲ್ಲಿ ಕೈದಿಯಾಗಿದ್ದ. ಹತ್ತೊಂಬತ್ತು ವರ್ಷಗಳ ನಂತರ ಒಡಕಿನ ಮೂಲಕ ಸೈನ್ಯ ನುಗ್ಗಿಸಿದವನೂ ಅವನೇ! ಕೊನೆಗೆ ಗುಂಬಜ್: ತಂದೆ ತಾಯಿಯ ಪಕ್ಕದಲ್ಲಿ ಟಿಪ್ಪು ಮಲಗಿದ್ದಾನೆ. ಅಲ್ಲಿಂದ ಸಂಗಮ ದೂರವಿಲ್ಲ.

ಪೋಷಕರಿಗೊಂದು ಮಾತು: ಸಂಗಮದಲ್ಲಾಗಲಿ, ಬೇರೆ ಸ್ನಾನಘಟ್ಟಗಳಲ್ಲಾಗಲಿ ಮಕ್ಕಳನ್ನು ನೀರಿಗೆ ಬಿಡಬೇಡಿ. ಕೃಷ್ಣರಾಜಸಾಗರದಿಂದ ನೀರು ಬಿಟ್ಟಾಗ ಹೊಳೆ ದಿಢೀರನೆ ಏರುತ್ತದೆ. ನೀರಿನ ಬಾಟಲಿ, ಬುತ್ತಿ, ಒಂದು ನೋಟುಪುಸ್ತಕ ಇರಲಿ.

1799ರಲ್ಲಿ ರಾಜಧಾನಿ ಮೈಸೂರಿಗೆ ಮರಳಿತು, ದ್ವೀಪ ಬರಿದಾಯಿತು. ಹೊಳೆಯ ದಡದಲ್ಲಿ ರಾಜಧಾನಿ ಹುಟ್ಟಿ ಅಳಿದದ್ದು ಅಲ್ಲೊಂದೇ ಅಲ್ಲ. ಅಂತರಸಂತೆ ಸೀಮೆಯ ಕಬಿನಿ ದಡದ ಕಿತ್ತೂರೇ ಪುನ್ನಾಟ ಅರಸರ ಕೀರ್ತಿಪುರ ಎನ್ನುತ್ತಾರೆ ವಿದ್ವಾಂಸರು. ದ್ವೀಪ ನೋಡಿ ಬಂದ ಮಕ್ಕಳನ್ನು ಮುಂದಿನ ಭಾನುವಾರ ಅಲ್ಲಿಗೂ ಕರೆದೊಯ್ಯಿರಿ. ಅದಕ್ಕೆ ಮೈಸೂರಿನವರೆಗೆ ಹೋಗಬೇಕಾಗಿಲ್ಲ.