ಮನೆತನದ ಹಳೆಯ ಬೆಳ್ಳಿ ಕಾಣಿಕೆ ವಸ್ತುಗಳು: ಪ್ರಾಚ್ಯವಸ್ತು ನೋಂದಣಿ ಕುರಿತು ಮಧುಗಿರಿ ಉಪವಿಭಾಗದ ನಾಗರಿಕರಿಗೆ ಮಾಹಿತಿ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಹಳೆಯ ಮನೆತನಗಳಲ್ಲಿ ಹಾಗೂ ದೇವಸ್ಥಾನಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಬೆಳ್ಳಿ ವಸ್ತುಗಳು ಉಳಿದಿರಬಹುದು. ಅಂಥವುಗಳನ್ನು ಹೊಂದಿರುವವರಲ್ಲಿ ಸಾಮಾನ್ಯವಾಗಿ ಮೂಡುವ ಪ್ರಶ್ನೆಗಳು ಮೂರು: ಇವುಗಳನ್ನು ನೋಂದಾಯಿಸಬೇಕೇ, ಮಾರಬಹುದೇ, ವಿದೇಶದಲ್ಲಿರುವ ಮಕ್ಕಳಿಗೆ ಕಳುಹಿಸಬಹುದೇ. ಈ ಬಗ್ಗೆ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

ಆ ಕಾಲದಲ್ಲಿ ಅಧಿಕಾರಿಗಳ ಬೀಳ್ಕೊಡುಗೆ, ಗಣ್ಯರ ಆಗಮನ, ಸ್ಪರ್ಧೆಗಳ ಬಹುಮಾನ ಮುಂತಾದ ಸಂದರ್ಭಗಳಲ್ಲಿ ಬೆಳ್ಳಿಯ ಅಲಂಕಾರಿಕ ವಸ್ತುಗಳನ್ನು ಅರ್ಪಿಸುವ ರೂಢಿಯಿತ್ತು. ಬಟ್ಟಲು, ತಟ್ಟೆ, ಪನ್ನೀರುದಾನಿ, ಮಾನಪತ್ರವನ್ನಿರಿಸಿ ಕೊಡುವ ಕರಂಡಕ ಇವು ಪ್ರಮುಖವಾದವು. ಮದರಾಸಿನ ಪಿ. ಓರ್ ಅಂಡ್ ಸನ್ಸ್ ಸಂಸ್ಥೆಯ ಬೆಳ್ಳಿ ಕೆಲಸವು ದಕ್ಷಿಣ ಭಾರತದಲ್ಲಿ ಹೆಸರಾಗಿತ್ತು. ದೇವತೆಗಳ ಉಬ್ಬುಚಿತ್ರಗಳಿಂದ ತುಂಬಿದ ಈ ಶೈಲಿಯನ್ನು ‘ಸ್ವಾಮಿ’ ಶೈಲಿಯೆಂದೇ ಕರೆಯಲಾಗುತ್ತಿತ್ತು. ಬೆಂಗಳೂರಿನ ದಂಡು ಪ್ರದೇಶದ ಬಾರ್ಟನ್ ಸಂಸ್ಥೆ ಹಾಗೂ 1869ರಲ್ಲಿ ಸ್ಥಾಪಿತವಾದ ಸಿ. ಕೃಷ್ಣಯ್ಯ ಚೆಟ್ಟಿ ಸಂಸ್ಥೆಗಳ ಹೆಸರುಗಳೂ ಇದೇ ವ್ಯಾಪಾರದಲ್ಲಿ ಪರಿಚಿತವಾಗಿವೆ.

ವಸ್ತುವಿನ ಕಾಲವನ್ನು ತಿಳಿಯಲು ಮೊದಲು ಅದರ ತಳಭಾಗವನ್ನು ನೋಡತಕ್ಕದ್ದು. ಇಂಗ್ಲೆಂಡಿನಲ್ಲಿ ತಯಾರಾದ ಬೆಳ್ಳಿಗೆ ಸಿಂಹದ ಗುರುತು, ನಗರದ ಗುರುತು (ಬರ್ಮಿಂಗ್‌ಹ್ಯಾಮಿಗೆ ಲಂಗರು, ಲಂಡನ್ನಿಗೆ ಚಿರತೆಯ ತಲೆ) ಮತ್ತು ವರ್ಷಸೂಚಕ ಅಕ್ಷರ ಇರುತ್ತದೆ. ಭಾರತದಲ್ಲಿ ಆಗ ಇಂತಹ ಸರ್ಕಾರಿ ಪರೀಕ್ಷಾ ಮುದ್ರೆಯ ವ್ಯವಸ್ಥೆ ಇರಲಿಲ್ಲವಾದ್ದರಿಂದ ತಯಾರಕರು ತಮ್ಮ ಹೆಸರನ್ನು ಮಾತ್ರ ಒತ್ತುತ್ತಿದ್ದರು. ‘ಇ.ಪಿ.ಎನ್.ಎಸ್.’ ಎಂಬ ಇಂಗ್ಲಿಷ್ ಅಕ್ಷರಗಳಿದ್ದಲ್ಲಿ ಅದು ಬೆಳ್ಳಿಯ ಲೇಪನ ಮಾತ್ರವಿರುವ ಮಿಶ್ರಲೋಹ. ಮುದ್ರೆಗಿಂತಲೂ ಮುಖ್ಯವಾದುದು ಕೆತ್ತಿದ ಬರಹ. ಯಾರು, ಯಾರಿಗೆ, ಯಾವ ದಿನ ಅರ್ಪಿಸಿದರೆಂಬ ನಾಲ್ಕು ಸಾಲುಗಳಿದ್ದರೆ ಅದೇ ಒಂದು ದಾಖಲೆ. ತೂಕದ ಲೆಕ್ಕದಲ್ಲಿ ಕರಗಿಸಲು ಕೊಟ್ಟ ಮೇಲೆ ಆ ದಾಖಲೆ ಮರಳಿ ದೊರೆಯುವುದಿಲ್ಲ. ಹಬ್ಬದ ಮುನ್ನಾದಿನ ಹುಣಸೆಹುಳಿ, ಬೂದಿಗಳಿಂದ ಉಜ್ಜುವ ಅಭ್ಯಾಸದಿಂದಲೂ ಅಕ್ಷರಗಳು ಸವೆಯುತ್ತವೆ. ಮೆತ್ತನೆಯ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ನೋಂದಣಿ ಯಾವುದಕ್ಕೆ ಕಡ್ಡಾಯ?

ಪ್ರಾಚ್ಯವಸ್ತು ಮತ್ತು ಕಲಾನಿಧಿ ಅಧಿನಿಯಮ, 1972 ದಿನಾಂಕ 5-4-1976ರಿಂದ ಜಾರಿಯಲ್ಲಿದೆ. ಇದರನ್ವಯ ನೂರು ವರ್ಷಗಳಿಗೆ ಕಡಿಮೆಯಿಲ್ಲದ ಕಲಾತ್ಮಕ ಅಥವಾ ಐತಿಹಾಸಿಕ ಮಹತ್ವದ ವಸ್ತುಗಳು ಪ್ರಾಚ್ಯವಸ್ತುಗಳೆನಿಸುತ್ತವೆ. ಹೀಗಾಗಿ ಈ ಪಟ್ಟಿಯು ವರ್ಷ ಕಳೆದಂತೆ ಬೆಳೆಯುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ 1927ರ ರಜತೋತ್ಸವ ಕಾಲದ ವಸ್ತುವೊಂದು ಮನೆಯಲ್ಲಿದ್ದರೆ 2027ರಲ್ಲಿ ಅದಕ್ಕೆ ನೂರು ವರ್ಷ ತುಂಬುತ್ತದೆ.

ಆದರೆ ಪ್ರಾಚ್ಯವಸ್ತುಗಳೆಲ್ಲವನ್ನೂ ನೋಂದಾಯಿಸಬೇಕಾಗಿಲ್ಲ. ಕೇಂದ್ರ ಸರ್ಕಾರವು ಅಧಿಸೂಚಿಸಿದ ವರ್ಗಗಳಿಗೆ ಮಾತ್ರ ಇದು ಕಡ್ಡಾಯ. ಕಲ್ಲು, ಸುಟ್ಟಮಣ್ಣು, ಲೋಹ, ದಂತ, ಮೂಳೆ ಮತ್ತು ಮರದ ಶಿಲ್ಪಗಳು, ವರ್ಣಚಿತ್ರಗಳು, ಚಿತ್ರಸಹಿತ ಹಸ್ತಪ್ರತಿಗಳು ಈ ವರ್ಗದಲ್ಲಿವೆ. ಬೆಳ್ಳಿಯ ತಟ್ಟೆ, ಬಟ್ಟಲು, ಪನ್ನೀರುದಾನಿಗಳು ಪಾತ್ರೆಗಳೇ ಹೊರತು ಶಿಲ್ಪಗಳಲ್ಲವಾದ್ದರಿಂದ ಹಳೆಯವೆಂಬ ಕಾರಣಕ್ಕಷ್ಟೇ ನೋಂದಣಿ ಬೇಕಾಗುವುದಿಲ್ಲ. ನೂರು ವರ್ಷ ಮೀರಿದ ಬೆಳ್ಳಿಯ ವಿಗ್ರಹವಾದರೆ ಅದು ಲೋಹಶಿಲ್ಪವಾದ ಕಾರಣ ನೋಂದಣಿ ಮಾಡಿಸಲೇಬೇಕು; ದೇವಸ್ಥಾನದ ಉತ್ಸವಮೂರ್ತಿಗೂ ಇದು ಅನ್ವಯಿಸುತ್ತದೆ. ‘ಸ್ವಾಮಿ’ ಶೈಲಿಯಂತೆ ಮೈತುಂಬ ದೇವತಾಚಿತ್ರಗಳಿರುವ ವಸ್ತುಗಳ ಬಗ್ಗೆ ಸಂಶಯವಿದ್ದಲ್ಲಿ ಮಾಲೀಕರು ತಾವೇ ತೀರ್ಮಾನಿಸದೆ ನೋಂದಣಾಧಿಕಾರಿಗಳ ಅಭಿಪ್ರಾಯ ಪಡೆಯುವುದು ಸೂಕ್ತ.

ನೋಂದಣಿ ಮಾಡಿಸಿದರೆ ಸರ್ಕಾರ ವಸ್ತುವನ್ನು ತೆಗೆದುಕೊಂಡು ಹೋಗುತ್ತದೆ ಎಂಬ ಭಯ ಹಲವರಲ್ಲಿದೆ. ನೋಂದಣಿಯಿಂದ ಮಾಲೀಕತ್ವ ಬದಲಾಗುವುದಿಲ್ಲ. ವಸ್ತು ಮಾಲೀಕರ ಬಳಿಯಲ್ಲಿಯೇ ಇರುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಸಂರಕ್ಷಿಸಲು ಕಡ್ಡಾಯವಾಗಿ ಸ್ವಾಧೀನಪಡಿಸಿಕೊಳ್ಳುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಇದೆಯಾದರೂ ಅದಕ್ಕೆ ಪ್ರತ್ಯೇಕ ಆದೇಶ ಮತ್ತು ಪರಿಹಾರ ಅಗತ್ಯ. ಕಳವಾದ ಸಂದರ್ಭದಲ್ಲಿ ಛಾಯಾಚಿತ್ರಸಹಿತ ನೋಂದಣಿ ದಾಖಲೆಯು ವಸ್ತುವನ್ನು ಗುರುತಿಸಲು ಬಲವಾದ ಆಧಾರವಾಗುತ್ತದೆ.

ಮಾರಾಟ ಮತ್ತು ಹೊರದೇಶಕ್ಕೆ ಸಾಗಣೆ

ಸ್ವಂತ ವಸ್ತುವನ್ನು ದೇಶದೊಳಗೆ ಮಾರಲು ಅಡ್ಡಿಯಿಲ್ಲ. ಪ್ರಾಚ್ಯವಸ್ತುಗಳ ಮಾರಾಟವನ್ನೇ ವ್ಯಾಪಾರವಾಗಿ ನಡೆಸುವವರು ಮಾತ್ರ ಪರವಾನಗಿ ಪಡೆದಿರತಕ್ಕದ್ದು. ನೋಂದಣಿ ಕಡ್ಡಾಯವಿರುವ ವಸ್ತುವಿನ ಒಡೆತನ ಅಥವಾ ಸ್ವಾಧೀನವನ್ನು ಬೇರೆಯವರಿಗೆ ವರ್ಗಾಯಿಸಿದಲ್ಲಿ ನೋಂದಣಾಧಿಕಾರಿಗಳಿಗೆ ತಿಳಿಸತಕ್ಕದ್ದು.

ಹೊರದೇಶದ ವಿಷಯ ಹಾಗಲ್ಲ. ನೋಂದಣಿ ಬೇಕಿಲ್ಲದ ಬೆಳ್ಳಿ ತಟ್ಟೆಯೂ ನೂರು ವರ್ಷ ಮೀರಿದ ಪ್ರಾಚ್ಯವಸ್ತುವಾಗಿದ್ದರೆ ಖಾಸಗಿ ವ್ಯಕ್ತಿಗಳು ಅದನ್ನು ಭಾರತದಿಂದ ಹೊರಗೆ ಒಯ್ಯುವಂತಿಲ್ಲ. ಅಜ್ಜಿ ಮೊಮ್ಮಗಳಿಗೆ ಪ್ರೀತಿಯಿಂದ ಕೊಟ್ಟಿದ್ದು ಎಂಬುದು ಇಲ್ಲಿ ವಿನಾಯಿತಿಯಾಗದು. ಉಲ್ಲಂಘನೆಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾವಾಸ ಮತ್ತು ದಂಡ ವಿಧಿಸಲು ಅವಕಾಶವಿದೆ. ಹಳೆಯದರಂತೆ ಕಾಣುವ, ಆದರೆ ನೂರು ವರ್ಷ ತುಂಬದ ವಸ್ತುವನ್ನು ಒಯ್ಯಬೇಕಾದವರು ಪ್ರಯಾಣಕ್ಕೆ ಸಾಕಷ್ಟು ಮುಂಚಿತವಾಗಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ‘ಪ್ರಾಚ್ಯವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆಯುವುದು ಒಳ್ಳೆಯದು. ಈ ಬಗ್ಗೆ ಸದರಿ ಇಲಾಖೆಯ ಬೆಂಗಳೂರು ವಲಯ ಕಚೇರಿಯಲ್ಲಿ ವಿಚಾರಿಸಬಹುದು.

ಅರ್ಜಿ ಸಲ್ಲಿಸುವ ಮುನ್ನ

ನೋಂದಣಿಗೆ ನಿಗದಿತ ನಮೂನೆಯಲ್ಲಿ ಅರ್ಜಿಯನ್ನು ಛಾಯಾಚಿತ್ರಗಳೊಂದಿಗೆ ಸಲ್ಲಿಸತಕ್ಕದ್ದು. ಮುಂಭಾಗ, ಹಿಂಭಾಗ, ತಳದ ಮುದ್ರೆ ಹಾಗೂ ಬರಹಗಳು ಸ್ಪಷ್ಟವಾಗಿ ಕಾಣುವಂತೆ ಚಿತ್ರ ತೆಗೆಸಿ, ಅಳತೆ, ತೂಕ, ವಸ್ತು ಇರುವ ಸ್ಥಳ ಮತ್ತು ಅದು ಕುಟುಂಬಕ್ಕೆ ಬಂದ ಬಗೆಯನ್ನು ಬರೆದಿಟ್ಟುಕೊಂಡರೆ ಅರ್ಜಿ ತುಂಬುವುದು ಸುಲಭ. ವಿಭಾಗಪತ್ರ, ಮರಣಶಾಸನ, ಹಳೆಯ ಛಾಯಾಚಿತ್ರಗಳಿದ್ದಲ್ಲಿ ಕಾಯ್ದಿರಿಸಿಕೊಳ್ಳುವುದು. ನೋಂದಣಾಧಿಕಾರಿಗಳ ಕಚೇರಿಯ ವಿವರಗಳಿಗೆ ಮೈಸೂರಿನಲ್ಲಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಆಯುಕ್ತರ ಕಚೇರಿಯನ್ನು ಸಂಪರ್ಕಿಸಬಹುದು.

ತಳಪಾಯ ತೋಡುವಾಗ ಅಥವಾ ಹೊಲ ಉಳುವಾಗ ಬೆಳ್ಳಿ ವಸ್ತುಗಳು ದೊರೆತಲ್ಲಿ ಮೇಲಿನ ವಿಧಾನ ಅನ್ವಯಿಸದು. ಅದು ಕರ್ನಾಟಕ ನಿಕ್ಷೇಪ ಅಧಿನಿಯಮ, 1962ರ ವ್ಯಾಪ್ತಿಗೆ ಬರುವುದರಿಂದ ವಸ್ತುಗಳನ್ನು ಹಂಚಿಕೊಳ್ಳದೆ ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸತಕ್ಕದ್ದು.